ಅವಳಿಯಿಲ್ಲದ ವಾಲ್ವು

ಟ್ರಾನ್ಸಿಸ್ಟರುಗಳಲ್ಲಿ ಎರಡು ಜಾತಿಗಳುಂಟು: ಎನ್‌ಪಿಎನ್ ಮತ್ತು ಪಿಎನ್‌ಪಿ. ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬ. ಧ್ವನಿತರಂಗದ ಏರನ್ನು ಒಂದಕ್ಕೂ ಇಳಿತವನ್ನು ಮತ್ತೊಂದಕ್ಕೂ ವಹಿಸುವ ಪರಸ್ಪರಪೂರಕ ಮಂಡಲಗಳನ್ನು ಅಮೆರಿಕದ ಜಾರ್ಜ್ ಸಿಕ್ಲಾಯ್ 1953ರಲ್ಲಿ ವಿವರಿಸಿದರು. ವಾಲ್ವಿನಿಂದಲೂ ಅಂಥದನ್ನೇಕೆ ಕಟ್ಟಬಾರದು? ಲ್ಯಾಮಿಂಗ್ಟನ್ ರಸ್ತೆಯಲ್ಲೋ ರಿಚ್ಚಿ ಸ್ಟ್ರೀಟಿನಲ್ಲೋ ಬಿಡಿಭಾಗಗಳನ್ನು ಆಯ್ದುತಂದು ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ನಮ್ಮ ಹವ್ಯಾಸಿ ಮಿತ್ರರಿಗೆ ಈ ಪ್ರಶ್ನೆ ಸಹಜವಾದುದು.

ಕಾದ ಕ್ಯಾಥೋಡಿನಿಂದ ಹೊಮ್ಮುವುದು ಎಲೆಕ್ಟ್ರಾನು ಮಾತ್ರ. ಅದರಂತೆಯೇ ಹಗುರಾಗಿ ನಿರ್ವಾತದಲ್ಲಿ ಓಡಬಲ್ಲ ಧನಕಣವನ್ನು ಯಾವ ಲೋಹವೂ ಉಗುಳದು. ಜಲಜನಕದ ಅಯಾನು ಕೂಡ ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ. ಆದುದರಿಂದ ವಾಲ್ವಿಗೆ ಅವಳಿ ಹುಟ್ಟಲಿಲ್ಲ.

ವಾಲ್ವಿನಲ್ಲಿ ದೊರೆಯದ ಪ್ರತಿಬಿಂಬವನ್ನು ಸಂಕೇತದಲ್ಲೇ ಸೃಷ್ಟಿಸಬೇಕಾಯಿತು. 1947ರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಅವರು ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಆಂಪ್ಲಿಫೈಯರನ್ನು ನೋಡಿ. ಒಂದು ಟ್ರಯೋಡಿನ ಪ್ಲೇಟಿಗೂ ಕ್ಯಾಥೋಡಿಗೂ ಸಮಾನ ರೋಧಕಗಳು. ಎರಡರಲ್ಲೂ ಹರಿಯುವುದು ಒಂದೇ ಪ್ರವಾಹ; ಅದು ಹೆಚ್ಚಿದಾಗ ಕ್ಯಾಥೋಡಿನ ವೋಲ್ಟೇಜು ಏರುತ್ತದೆ, ಪ್ಲೇಟಿನದು ಅಷ್ಟೇ ಇಳಿಯುತ್ತದೆ. ಎಂಥ ಮಿತವ್ಯಯದ ಉಪಾಯ! ಈ ವಿರುದ್ಧ ಸಂಕೇತಗಳು ಇನ್ನೊಂದು ಹಂತದಲ್ಲಿ ಬಲಗೊಂಡು ಎರಡು ಕೆಟಿ66 ವಾಲ್ವುಗಳನ್ನು ನಡೆಸುತ್ತವೆ. ಅವುಗಳ ದುಡಿಮೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಕೂಡಿ 15 ವಾಟ್ ಆಗುತ್ತದೆ. ವಿಕೃತಿ ಶೇಕಡಾ 0.1ಕ್ಕಿಂತ ಕಡಿಮೆ. ಅವಳಿಯಿಲ್ಲದ ಕೊರತೆ ಕಿವಿಗೆ ತಿಳಿಯದು.

ಆದರೆ ಈ ಮಂಡಲಕ್ಕೆ ಬೇಕಾದ ಒತ್ತಡ 450 ವೋಲ್ಟ್. ಅಷ್ಟು ಒತ್ತಡದಲ್ಲಿ 100 ಮೈಕ್ರೋಫ್ಯಾರಡಿನ ಕಂಡೆನ್ಸರು ಸುಮಾರು 10 ಜೂಲ್ ಶಕ್ತಿಯನ್ನು, ಎಂದರೆ ಒಂದು ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಶಕ್ತಿಯನ್ನು, ಬಚ್ಚಿಟ್ಟುಕೊಂಡಿರುತ್ತದೆ. ಪ್ಲಗ್ಗು ಕಿತ್ತ ಮಾತ್ರಕ್ಕೆ ಅದು ಬರಿದಾಗದು. ಎರಡೂ ಕೈಗಳು ತಗುಲಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ. ಹೃದಯದ ಲಯ ಕೆಟ್ಟು ಪ್ರಾಣವೇ ಹೋಗಬಹುದು. ಒಂದು ಕೈಯನ್ನು ಜೇಬಿನಲ್ಲಿಟ್ಟು ಅಳತೆ ಮಾಡುವ ಹಳೆಯ ರೇಡಿಯೋ ಮೆಕ್ಯಾನಿಕರ ರೂಢಿ ಸುಮ್ಮನೆ ಬಂದುದಲ್ಲ. ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿರುವ ತರುಣರು ಇಂಥ ಕೆಲಸಕ್ಕೆ ಜೊತೆಗೊಬ್ಬರನ್ನು ಕರೆದುಕೊಳ್ಳಬೇಕು. ಮೇನ್ ಸ್ವಿಚ್ಚು ಎಲ್ಲಿದೆಯೆಂಬುದನ್ನು ಅವರಿಗೆ ಮೊದಲೇ ತೋರಿಸಿರಬೇಕು. ಆಘಾತವಾದಾಗ ವ್ಯಕ್ತಿಯನ್ನು ಮುಟ್ಟುವ ಮೊದಲು ಅದನ್ನು ಆರಿಸಬೇಕು.

ಕಂಡೆನ್ಸರಿಗೆ ಅಡ್ಡಲಾಗಿ 1 ಲಕ್ಷ ಓಮ್, 5 ವಾಟಿನ ರೋಧಕವೊಂದನ್ನು ಕಾಯಮ್ಮಾಗಿ ಬೆಸೆಯಿರಿ. ಅದರ ಒತ್ತಡತಾಳಿಕೆ 450 ವೋಲ್ಟಿಗಿಂತ ಹೆಚ್ಚಿರಲಿ. ಸ್ವಿಚ್ಚು ಆರಿಸಿದ 50 ಸೆಕೆಂಡುಗಳಲ್ಲಿ 450 ವೋಲ್ಟ್ ಸುಮಾರು 3ಕ್ಕೆ ಇಳಿಯುತ್ತದೆ. ರೋಧಕ ಸುಟ್ಟುಹೋಗಿರಲೂಬಹುದು, ಮೀಟರಿನಿಂದ ಅಳೆದು ನೋಡಿದ ಮೇಲೆಯೇ ಒಳಗೆ ಕೈಯಿಡಿ.