ಹಾರುವ ಮುನ್ನ: ಮನೆಯಲ್ಲಿ ಕಟ್ಟಿದ ವಿಮಾನದ ನೆಲಪರೀಕ್ಷೆ

ವಿಮಾನವನ್ನು ದೊಡ್ಡ ಕಾರ್ಖಾನೆಯಲ್ಲಿ ಮಾತ್ರವೇ ಕಟ್ಟಲು ಸಾಧ್ಯವೆಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯ ಪಕ್ಕದ ಕಾರುಕೊಟ್ಟಿಗೆಯಲ್ಲಿ, ಹಿತ್ತಿಲಿನ ಚಪ್ಪರದಲ್ಲಿ, ಕೆಲವೊಮ್ಮೆ ನೆಲಮಾಳಿಗೆಯಲ್ಲಿ ಕೂಡ ವಿಮಾನಗಳು ಸಿದ್ಧವಾಗುತ್ತವೆ. ಅವನ್ನು ಕಟ್ಟುವವರು ಎಂಜಿನಿಯರುಗಳೇ ಆಗಿರಬೇಕೆಂದಿಲ್ಲ. ಉಪಾಧ್ಯಾಯರು, ಬಡಗಿಗಳು, ವೈದ್ಯರು ಎಲ್ಲರೂ ಈ ಹವ್ಯಾಸದಲ್ಲಿದ್ದಾರೆ. 1953ನೆಯ ಇಸವಿ ಜನವರಿಯಲ್ಲಿ ಪಾಲ್ ಪೊಬರೆಜ್ನಿ ಎಂಬವರು ಮಿಲ್ವಾಕಿ ನಗರದಲ್ಲಿ ಇಂಥವರ ಸಂಘವೊಂದನ್ನು ಸ್ಥಾಪಿಸಿದರು. 1970ರಿಂದ ಅದರ ವಾರ್ಷಿಕ ಮೇಳವು ಆಷ್‌ಕಾಷ್ ಎಂಬ ಪಟ್ಟಣದಲ್ಲಿ ನಡೆಯುತ್ತ ಬಂದಿದೆ. ಕಟ್ಟುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ ತಮ್ಮ ವಿನೋದಕ್ಕಾಗಿ ಅಥವಾ ಕಲಿಕೆಗಾಗಿ ಮಾಡಿರಬೇಕೆಂಬುದು ಅಲ್ಲಿಯ ಕಾನೂನು.

ಇಂಥ ವಿಮಾನವೊಂದನ್ನು ಮುಗಿಸಲು ಹಲವು ವರ್ಷಗಳೇ ಹಿಡಿಯುತ್ತವೆ. ಕೊನೆಯ ತಿರುಪನ್ನು ಬಿಗಿದು ಬಣ್ಣ ಒಣಗಿದ ದಿನ ಕಟ್ಟಿದವನ ಮನಸ್ಸು ಹೇಗಿರುತ್ತದೆಂಬುದನ್ನು ಊಹಿಸಬಹುದು. ನೆರೆಹೊರೆಯವರು, ಬಂಧುಗಳು ಸುತ್ತ ನಿಂತು, "ಎಂದು ಹಾರಿಸುತ್ತೀರಿ?" ಎಂದು ಕೇಳುತ್ತಿರುತ್ತಾರೆ. ಅಪಾಯ ಇರುವುದು ಇಲ್ಲಿಯೇ. ಮೋಟಾರು ಕಾರಿನಲ್ಲಿ ದೋಷ ಕಂಡುಬಂದರೆ ರಸ್ತೆಯ ಬದಿಗೆ ನಿಲ್ಲಿಸಿ ನೋಡಬಹುದು. ನೆಲದಿಂದ ಇನ್ನೂರು ಅಡಿ ಮೇಲೇರಿದ ವಿಮಾನಕ್ಕೆ ಆ ಸೌಕರ್ಯವಿಲ್ಲ. ಆದುದರಿಂದ ನೆಲದ ಮೇಲೆಯೇ ಪತ್ತೆಯಾಗಬಲ್ಲ ದೋಷಗಳನ್ನೆಲ್ಲ ನೆಲದ ಮೇಲೆಯೇ ಹುಡುಕಿ ತೆಗೆಯಬೇಕು. ಈ ಕೆಲಸಕ್ಕೆ ಬೇಕಾಗುವ ಸಲಕರಣೆಗಳು ತೀರ ಸಾಮಾನ್ಯವಾದುವು. ಬೇಕಾಗುವ ವಿಜ್ಞಾನವು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಹೆಚ್ಚೇನೂ ಮೀರುವುದಿಲ್ಲ.

ಮೊದಲನೆಯದು ತೂಕ. ಎತ್ತಿನ ಗಾಡಿಗೆ ಸರಕು ಹೇರುವವರು ಹಿಂಭಾರ, ಮುಂಭಾರ ಎಂಬ ಮಾತುಗಳನ್ನು ಬಳಸುತ್ತಾರಷ್ಟೆ. ಹಿಂಭಾರವಾದರೆ ನೊಗವು ಎತ್ತುಗಳ ಹೆಗಲಿನಿಂದ ಮೇಲೇಳುತ್ತದೆ. ವಿಮಾನಕ್ಕೂ ಹಿಂಭಾರವೇ ಹೆಚ್ಚು ಕೇಡು. ಅದರ ಗುರುತ್ವಕೇಂದ್ರವು ಒಂದು ಮಿತಿಗಿಂತ ಹಿಂದಕ್ಕೆ ಸರಿದರೆ, ಗಾಳಿಯ ಹೊಡೆತಕ್ಕೆ ಮೇಲೆದ್ದ ಮೂತಿಯು ತಾನಾಗಿ ಕೆಳಗಿಳಿಯುವುದರ ಬದಲು ಇನ್ನೂ ಮೇಲಕ್ಕೇಳುತ್ತದೆ. ರೆಕ್ಕೆಯ ಮೇಲಿನ ಗಾಳಿಯ ಹರಿವು ಮುರಿದುಬಿದ್ದು ವಿಮಾನವು ಎತ್ತುವ ಬಲವನ್ನು ಕಳೆದುಕೊಂಡಾಗ ಅದನ್ನು ಮತ್ತೆ ಹಿಡಿತಕ್ಕೆ ತರುವುದು ಅಸಾಧ್ಯವಾಗಬಹುದು.

ಗುರುತ್ವಕೇಂದ್ರವನ್ನು ಕಂಡುಹಿಡಿಯಲು ವಿಮಾನವನ್ನು ಹಾರಾಟದ ಭಂಗಿಯಲ್ಲಿ ಮಟ್ಟವಾಗಿ ನಿಲ್ಲಿಸಿ, ಮೂರು ಚಕ್ರಗಳ ಕೆಳಗೂ ಒಂದೊಂದು ತೂಕದ ಯಂತ್ರವನ್ನಿಡುತ್ತಾರೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎಲ್ಲ ದೂರಗಳನ್ನೂ ಮೂತಿಯ ತುದಿಯಿಂದ ಅಳೆಯುವುದೆಂದಿಟ್ಟುಕೊಳ್ಳಿ. ಮುಂದಿನ ಎರಡು ಚಕ್ರಗಳು 150 ಸೆಂಟಿಮೀಟರ್ ದೂರದಲ್ಲಿವೆ. ಅವುಗಳ ಮೇಲಿನ ಭಾರ 205 ಮತ್ತು 207 ಕಿಲೋಗ್ರಾಂ. ಬಾಲದ ಚಕ್ರವು 600 ಸೆಂಟಿಮೀಟರ್ ದೂರದಲ್ಲಿದೆ. ಅದರ ಮೇಲೆ 28 ಕಿಲೋಗ್ರಾಂ. ಪ್ರತಿಯೊಂದು ತೂಕವನ್ನೂ ಅದರ ದೂರದಿಂದ ಗುಣಿಸಿ ಕೂಡಿಸಿದರೆ 78,600 ಬರುತ್ತದೆ. ಇದನ್ನು ಒಟ್ಟು ತೂಕವಾದ 440ರಿಂದ ಭಾಗಿಸಿದರೆ 178.6. ಖಾಲಿ ವಿಮಾನದ ಗುರುತ್ವಕೇಂದ್ರವು ಮೂತಿಯಿಂದ ಅಷ್ಟು ಸೆಂಟಿಮೀಟರ್ ಹಿಂದಿದೆಯೆಂದಾಯಿತು. ವಿನ್ಯಾಸಕಾರನು ಕೊಟ್ಟಿರುವ ಮಿತಿಯು 172ರಿಂದ 191ರವರೆಗೆ ಇದ್ದರೆ ಇದುವರೆಗೆ ಎಲ್ಲವೂ ಕ್ಷೇಮ.

ಈಗ 75 ಕಿಲೋಗ್ರಾಂ ತೂಗುವ ಚಾಲಕನು 230 ಸೆಂಟಿಮೀಟರ್ ದೂರದ ಆಸನದಲ್ಲಿ ಕುಳಿತನು. 170ರಲ್ಲಿರುವ ತೊಟ್ಟಿಗೆ 80 ಕಿಲೋಗ್ರಾಂ ಪೆಟ್ರೋಲು ತುಂಬಿದನು. 300ರಲ್ಲಿರುವ ಸಾಮಾನಿನ ಅರೆಯಲ್ಲಿ 30 ಕಿಲೋಗ್ರಾಂ ಇಟ್ಟನು. ಲೆಕ್ಕ ಮಾಡಿದರೆ ಗುರುತ್ವಕೇಂದ್ರ 189.5ಕ್ಕೆ ಬರುತ್ತದೆ, ಇನ್ನೂ ಮಿತಿಯೊಳಗೇ ಇದೆ. ಆದರೆ ಪೆಟ್ರೋಲು ತೀರುತ್ತ ಬಂದಾಗ? ಆ 80 ಕಿಲೋಗ್ರಾಂ ಗುರುತ್ವಕೇಂದ್ರಕ್ಕಿಂತ ಮುಂದೆ ಇದ್ದ ಭಾರ. ಅದು ಉರಿದುಹೋದರೆ ಕೇಂದ್ರವು 192.4ಕ್ಕೆ ಸರಿದು ಮಿತಿಯನ್ನು ದಾಟುತ್ತದೆ! ಏರುವಾಗ ಸಾಧುವಾಗಿದ್ದ ವಿಮಾನವು ಇಳಿಯುವ ಹೊತ್ತಿಗೆ ಮೊಂಡುತನ ಮಾಡತೊಡಗುತ್ತದೆ. ವಾಚಕರು ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಸಾಮಾನನ್ನು 15 ಕಿಲೋಗ್ರಾಮಿಗೆ ಇಳಿಸಿದರೆ ತೊಂದರೆ ತಪ್ಪುತ್ತದೆಯೇ ಎಂಬುದನ್ನೂ ನೋಡಬಹುದು.

ತೂಕದ ನಂತರ ಹಿಡಿಕೆಗಳ ಪರೀಕ್ಷೆ. ರೆಕ್ಕೆಗಳ ಹಿಂದಿನ ಅಂಚಿನಲ್ಲಿ ತುದಿಯ ಕಡೆಗೆ ಚಿಕ್ಕ ಕದಗಳಂಥ ಎರಡು ಫಲಕಗಳಿರುತ್ತವೆ. ಇವಕ್ಕೆ ಏಲರಾನುಗಳೆಂದು ಹೆಸರು. ಚಾಲಕನು ಹಿಡಿಕೋಲನ್ನು ಬಲಕ್ಕೆ ವಾಲಿಸಿದರೆ ಬಲಗಡೆಯ ಫಲಕವು ಮೇಲೇಳಬೇಕು, ಎಡಗಡೆಯದು ಕೆಳಗಿಳಿಯಬೇಕು. ಇಷ್ಟು ಸರಳವಾದ ವಿಷಯದಲ್ಲಿ ಯಾರು ತಪ್ಪುತ್ತಾರೆಂದು ಕೇಳಬಹುದು. 1947ನೆಯ ಇಸವಿ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡ್ ನಿಲ್ದಾಣದಿಂದ ಏವ್ರೋ ಟ್ಯೂಡರ್ ಎಂಬ ದೊಡ್ಡ ವಿಮಾನವೊಂದು ಮೇಲೇರಿ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೆ ಬಿದ್ದಿತು. ಹಿಂದಿನ ರಾತ್ರಿ ದುರಸ್ತು ಮಾಡಿದಾಗ ಏಲರಾನುಗಳ ತಂತಿಗಳು ಅದಲುಬದಲಾಗಿದ್ದುವು. ಚಾಲಕನು ವಿಮಾನವನ್ನು ನೆಟ್ಟಗೆ ಮಾಡಲು ಯತ್ನಿಸಿದಷ್ಟೂ ಅದು ವಿರುದ್ಧ ದಿಕ್ಕಿಗೆ ಹೆಚ್ಚು ವಾಲಿತು. ಸತ್ತವರಲ್ಲಿ ಪರೀಕ್ಷಾ ವೈಮಾನಿಕ ಬಿಲ್ ಥಾರ್ನ್ ಅವರೂ, ಪ್ರಸಿದ್ಧ ಲ್ಯಾಂಕಾಸ್ಟರ್ ವಿಮಾನದ ವಿನ್ಯಾಸಕಾರರಾದ ರಾಯ್ ಚಾಡ್ವಿಕ್ ಅವರೂ ಇದ್ದರು. ನುರಿತವರ ಕಾರ್ಖಾನೆಯಲ್ಲಿ ನಡೆದುದು ಒಬ್ಬಂಟಿ ಹವ್ಯಾಸಿಯ ಕೊಟ್ಟಿಗೆಯಲ್ಲಿ ನಡೆಯಲಾರದೆ? ಇದಕ್ಕೆ ವೈಮಾನಿಕರಲ್ಲಿ ಒಂದು ಸುಲಭ ಉಪಾಯವುಂಟು: ಹೆಬ್ಬೆರಳನ್ನು ಮೇಲಕ್ಕೆ ನಿಲ್ಲಿಸಿ ಹಿಡಿಕೋಲನ್ನು ಹಿಡಿಯಬೇಕು, ಕೋಲು ವಾಲಿದಾಗ ಹೆಬ್ಬೆರಳು ಯಾವ ಕಡೆಗೆ ತೋರಿಸುತ್ತದೋ ಆ ಕಡೆಯ ಫಲಕವು ಮೇಲೆದ್ದಿರಬೇಕು.

ಹಿಡಿಕೆಗಳು ಸರಿಯಾಗಿ ಕೆಲಸ ಮಾಡಿದರೆ ಸಾಲದು, ಕೈಗೆ ಎಟುಕಬೇಕು ಕೂಡ. 1997ರ ಅಕ್ಟೋಬರ್ 12ರಂದು ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ಅವರು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅವರದು ಮತ್ತೊಬ್ಬ ಹವ್ಯಾಸಿಯು ಕಟ್ಟಿದ್ದ 'ಲಾಂಗ್ ಈಜಿ' ಮಾದರಿಯ ವಿಮಾನ. ಬರ್ಟ್ ರುಟಾನ್ ಅವರ ವಿನ್ಯಾಸ. (ಇದೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು 1980ರ ದಶಕದಲ್ಲಿ ಸಂಶೋಧನೆಗಾಗಿ ಒಂದು ಹಗುರ ವಿಮಾನವನ್ನು ನಿರ್ಮಿಸಿತ್ತು.) ಒಂದು ಪೆಟ್ರೋಲು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸುವ ತಿರುಗುಹಿಡಿಯು ಮೂಲ ನಕ್ಷೆಯಲ್ಲಿ ಚಾಲಕನ ಎದುರಿಗೇ ಇತ್ತು. ಕಟ್ಟಿದವನು ಅದನ್ನು ಚಾಲಕನ ಎಡಭುಜದ ಹಿಂದಕ್ಕೆ ಸಾಗಿಸಿದ್ದನು. ಅದನ್ನು ತಿರುಗಿಸಬೇಕಾದರೆ ಚಾಲಕನು ಮೈಯನ್ನು ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಬಲಗಾಲು ತನಗರಿವಿಲ್ಲದಂತೆಯೇ ಚುಕ್ಕಾಣಿಯ ಪಾದದಂಡವನ್ನು ಒತ್ತಿಬಿಡುತ್ತದೆ. ಇದನ್ನು ತನಿಖೆ ಮಾಡಿದವರು ಕಂಡುಕೊಂಡರು. ಒಂದು ಬೆಳಗ್ಗೆ ನೆಲದ ಮೇಲೆ ನಿಂತ ವಿಮಾನದಲ್ಲಿ ಪಟ್ಟಿ ಬಿಗಿದು ಕುಳಿತು, ಕಣ್ಣು ಮುಚ್ಚಿ, ಪ್ರತಿಯೊಂದು ಹಿಡಿಯನ್ನೂ ಮುಟ್ಟಿನೋಡಿದ್ದರೆ ಇಷ್ಟು ತಿಳಿದುಬರುತ್ತಿತ್ತು.

ಪೆಟ್ರೋಲಿನ ಹರಿವಿನದು ಮತ್ತೊಂದು ಪರೀಕ್ಷೆ. ತೊಟ್ಟಿಯು ಎತ್ತರದಲ್ಲಿದ್ದು ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯುವ ವಿಮಾನಗಳಲ್ಲಿ, ಎಂಜಿನು ಪೂರ್ಣಶಕ್ತಿಯಲ್ಲಿ ಕುಡಿಯುವುದರ ಒಂದೂವರೆ ಪಾಲು ಹರಿಯಬೇಕೆಂಬುದು ನಿಯಮ. ಗಂಟೆಗೆ 50 ಲೀಟರು ಉರಿಸುವ ಎಂಜಿನಿಗೆ ಗಂಟೆಗೆ 75 ಲೀಟರು, ಎಂದರೆ ನಿಮಿಷಕ್ಕೆ 1.25 ಲೀಟರು ಬರಬೇಕು. ವಿಮಾನವು ಏರುವಾಗ ಮೂತಿ ಮೇಲಾಗಿ ತೊಟ್ಟಿಗೂ ಎಂಜಿನಿಗೂ ಇರುವ ಎತ್ತರದ ಅಂತರ ಕಡಿಮೆಯಾಗುವುದರಿಂದ, ಪರೀಕ್ಷೆಯನ್ನೂ ಮೂತಿಯನ್ನೆತ್ತಿ ನಿಲ್ಲಿಸಿಯೇ ಮಾಡಬೇಕು. ಕಾರ್ಬ್ಯುರೇಟರಿನ ಬಳಿ ಕೊಳವೆಯನ್ನು ಬಿಚ್ಚಿ, ಒಂದು ನಿಮಿಷದಲ್ಲಿ ಬೀಳುವ ಪೆಟ್ರೋಲನ್ನು ಅಳತೆಯ ಪಾತ್ರೆಯಲ್ಲಿ ಹಿಡಿಯುತ್ತಾರೆ. ಸಾಕಷ್ಟು ಬಾರದಿದ್ದರೆ ಅನೇಕ ವೇಳೆ ದೋಷವು ತೊಟ್ಟಿಯ ಗಾಳಿಕಿಂಡಿಯಲ್ಲಿರುತ್ತದೆ. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದು ಸುರಿಯಲು ಹೋದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೇಗಮಾಪಕದ ಪರೀಕ್ಷೆಯಂತೂ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಮಾಡುವಂಥದು. ಈ ಉಪಕರಣವು ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು ಅಳೆದು ಅದನ್ನು ವೇಗವಾಗಿ ತೋರಿಸುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯು ನೀರನ್ನು 48 ಮಿಲಿಮೀಟರ್ ಎತ್ತರಕ್ಕೆ ತಳ್ಳಬಲ್ಲುದು. ಆದುದರಿಂದ ಬಾಗಿಸಿದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ವೇಗಮಾಪಕಕ್ಕೆ ಜೋಡಿಸಿ, ಎರಡು ತೋಳುಗಳ ನೀರಿನ ಮಟ್ಟದಲ್ಲಿ 48 ಮಿಲಿಮೀಟರ್ ಅಂತರ ಬರುವಂತೆ ಊದಿದರೆ ಮುಳ್ಳು 100ನ್ನು ತೋರಿಸಬೇಕು. ಒತ್ತಡವು ವೇಗದ ವರ್ಗವನ್ನು ಅನುಸರಿಸುವುದರಿಂದ 200ಕ್ಕೆ ಬೇಕಾದ ಅಂತರವು ಇದರ ನಾಲ್ಕರಷ್ಟು. ಊದಿ ಹಿಡಿದ ಮೇಲೆ ಮುಳ್ಳು ಮೆಲ್ಲಗೆ ಇಳಿಯತೊಡಗಿದರೆ ಎಲ್ಲಿಯೋ ಕೊಳವೆ ಸೋರುತ್ತಿದೆಯೆಂದು ತಿಳಿಯಬೇಕು.

ಇನ್ನು ಎಂಜಿನು. ಚಕ್ರಗಳಿಗೆ ಅಡ್ಡಗಟ್ಟೆಗಳನ್ನಿಟ್ಟು, ಬಾಲವನ್ನು ಬಲವಾದ ಹಗ್ಗದಿಂದ ಗೂಟಕ್ಕೆ ಕಟ್ಟಿ, ಬೆಂಕಿಯಾರಿಸುವ ಸಾಧನವನ್ನು ಹಿಡಿದ ಒಬ್ಬನನ್ನು ಬದಿಯಲ್ಲಿ ನಿಲ್ಲಿಸಿ ಅದನ್ನು ಚಾಲೂ ಮಾಡುತ್ತಾರೆ. ಅರ್ಧ ನಿಮಿಷದೊಳಗೆ ತೈಲದ ಒತ್ತಡ ಕಾಣಿಸದಿದ್ದರೆ ಕೂಡಲೇ ನಿಲ್ಲಿಸಬೇಕು. ಸಾಮಾನ್ಯವಾಗಿ ವಿಮಾನದ ಎಂಜಿನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗಳು ಎರಡಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಲಿ ಎಂದು. ಪರೀಕ್ಷೆಗಾಗಿ ಒಂದೊಂದನ್ನೇ ನಿಲ್ಲಿಸಿದಾಗ ಎಂಜಿನಿನ ವೇಗವು ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ ಇಳಿಯುವುದು ಸಹಜ. ಒಂದನ್ನು ನಿಲ್ಲಿಸಿದರೂ ವೇಗ ಕಿಂಚಿತ್ತೂ ಇಳಿಯದಿದ್ದರೆ ಎಂಜಿನು ಬಹಳ ಚೆನ್ನಾಗಿದೆಯೆಂದು ಸಂತೋಷಪಡಬಾರದು. ಆ ಮ್ಯಾಗ್ನೆಟೊ ನಿಂತೇ ಇಲ್ಲವೆಂದು ಅದರ ಅರ್ಥವಾಗಿರಬಹುದು. ಗುಂಡಿಯು 'ನಿಂತಿದೆ' ಎನ್ನುತ್ತಿರುವಾಗ ಯಾರಾದರೂ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಎಂಜಿನು ಹೊತ್ತಿಕೊಂಡು ಪ್ರಾಣವನ್ನೇ ತೆಗೆದೀತು.

ಇಲ್ಲಿ ಹವ್ಯಾಸಿಯನ್ನು ಒಂದು ವಿಚಿತ್ರ ಇಕ್ಕಟ್ಟು ಕಾಡುತ್ತದೆ. ಎಂಜಿನನ್ನು ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿ ನೋಡುವುದೇ ಕ್ಷೇಮವೆಂದು ಯಾರಿಗಾದರೂ ತೋರುತ್ತದೆ. ಆದರೆ ಹೊಸ ಸಿಲಿಂಡರುಗಳ ಮಟ್ಟಿಗೆ ಅದು ಸರಿಯಲ್ಲ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಂಡು ಕೂರಬೇಕಾದರೆ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡಬೇಕು. ಕಡಿಮೆ ಶಕ್ತಿಯಲ್ಲಿ ಬಹಳ ಹೊತ್ತು ಓಡಿಸಿದರೆ ಗೋಡೆಯ ಮೇಲೆ ಸುಟ್ಟ ತೈಲದ ನುಣುಪು ಪದರ ಕಟ್ಟಿ, ಉಂಗುರಗಳು ಎಂದೂ ಸರಿಯಾಗಿ ಕೂರುವುದಿಲ್ಲ. ಹೆಚ್ಚಿನ ಶಕ್ತಿಯಲ್ಲಿ ಓಡಿಸೋಣವೆಂದರೆ, ಗಾಳಿಯಿಂದಲೇ ತಂಪಾಗಬೇಕಾದ ಎಂಜಿನಿಗೆ ನಿಂತಲ್ಲಿ ಸಾಕಷ್ಟು ಗಾಳಿ ದೊರೆಯುವುದಿಲ್ಲ. ಆದುದರಿಂದ ಬೇಕಾದುದನ್ನು ಮೊದಲೇ ಬರೆದಿಟ್ಟುಕೊಂಡು, ಕೆಲವೇ ನಿಮಿಷ ಓಡಿಸಿ, ನಿಲ್ಲಿಸಿ, ಹೊದಿಕೆ ತೆಗೆದು ಸೋರಿಕೆಗಳನ್ನು ಹುಡುಕಿ, ಆರಿದ ಮೇಲೆ ಮತ್ತೆ ಓಡಿಸಬೇಕು. ತಾಳ್ಮೆಯ ಕೆಲಸವೇ ಸರಿ.

ಕೊನೆಯದು ನೆಲದ ಮೇಲಿನ ಓಟ. ಮೊದಲು ನಡಿಗೆಯ ವೇಗದಲ್ಲಿ ಸಾಗಿಸಿ ಬ್ರೇಕು, ಚುಕ್ಕಾಣಿಗಳನ್ನು ನೋಡಬೇಕು. ಅನಂತರ ವೇಗವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಆದರೆ ವೇಗ ಹೆಚ್ಚಿದಂತೆ ರೆಕ್ಕೆಗಳು ತಮ್ಮ ಕೆಲಸವನ್ನು ಆರಂಭಿಸುತ್ತವೆ. ಅವುಗಳಿಗೆ ಇದು ಪರೀಕ್ಷೆಯೆಂದು ಗೊತ್ತಿಲ್ಲವಷ್ಟೆ! 1974ರ ಜನವರಿ 20ರಂದು ಅಮೆರಿಕದ ವೈಎಫ್-16 ಯುದ್ಧವಿಮಾನವು ವೇಗದ ನೆಲ ಓಟದಲ್ಲಿದ್ದಾಗ ಅಕ್ಕಪಕ್ಕಕ್ಕೆ ಓಲಾಡತೊಡಗಿ ಓಡುದಾರಿಯಿಂದ ಹೊರಹೋಗುವುದರಲ್ಲಿತ್ತು. ಪರೀಕ್ಷಾ ವೈಮಾನಿಕ ಫಿಲ್ ಓಸ್ಟ್ರಿಕರ್ ಅವರು ಬೇರೆ ದಾರಿ ಕಾಣದೆ ಅದನ್ನು ಮೇಲಕ್ಕೇ ಎತ್ತಿ, ಆರು ನಿಮಿಷ ಹಾರಿಸಿ, ಸುರಕ್ಷಿತವಾಗಿ ಇಳಿಸಿದರು. ಅದರ ಅಧಿಕೃತ ಪ್ರಥಮ ಹಾರಾಟ ನಿಗದಿಯಾಗಿದ್ದುದು ಮುಂದಿನ ತಿಂಗಳಿಗೆ. ಅವರ ಅನುಭವವಾಗಲಿ ಅಷ್ಟು ಉದ್ದದ ಓಡುದಾರಿಯಾಗಲಿ ಹವ್ಯಾಸಿಗೆ ಇರುವುದಿಲ್ಲ. ವಿಮಾನವು ನೆಲ ಬಿಡುವ ವೇಗದ ಮುಕ್ಕಾಲು ಪಾಲನ್ನು ಮೀರದಿರುವುದೇ ಲೇಸೆಂದು ಈ ಲೇಖಕನ ಅಭಿಪ್ರಾಯ. ಅಲ್ಲದೆ, ಹಾರಲು ಸಂಪೂರ್ಣ ಸಿದ್ಧವಾಗಿಲ್ಲದ ವಿಮಾನದಲ್ಲಿ ವೇಗದ ಓಟಕ್ಕೆ ತೊಡಗಲೇಬಾರದು.

ಓಟಗಳು ಮುಗಿದ ಮೇಲೆ ಮತ್ತೊಮ್ಮೆ ಹೊದಿಕೆಗಳನ್ನು ಕಳಚಿ, ತಿರುಪುಗಳ ಬಿಗಿಯನ್ನು ನೋಡುತ್ತಾರೆ. ಮರದ ಪ್ರೊಪೆಲ್ಲರಾದರೆ ಅದರ ಬೋಲ್ಟುಗಳು ಸಡಿಲವಾಗಿರುವ ಸಂಭವ ಹೆಚ್ಚು. ಆಮೇಲೆ, ಗಾಳಿ ಶಾಂತವಾಗಿರುವ ಒಂದು ಮುಂಜಾನೆ, ಮೊದಲ ಹಾರಾಟ. ಅಷ್ಟಾದರೂ ಪರೀಕ್ಷೆ ತೀರಿತೆಂದಲ್ಲ. ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಹಾರಾಟವನ್ನೋ, ಇಲ್ಲವೆ ಗೊತ್ತುಪಡಿಸಿದ ಪರೀಕ್ಷಾಕ್ರಮವನ್ನೋ ಪೂರೈಸುವವರೆಗೆ, ಎಷ್ಟೇ ಆತ್ಮೀಯರು ಬೇಡಿಕೊಂಡರೂ ಪ್ರಯಾಣಿಕರನ್ನು ಆ ವಿಮಾನದಲ್ಲಿ ಕೂರಿಸುವಂತಿಲ್ಲ.