ಮೂರು ರೂಪಾಯಿ ಬಡ್ಡಿ ಅಂದರೆ ಎಷ್ಟು?

ನಮ್ಮ ಕಡೆ ರಾಗಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತೇವೆ. ಆಮೇಲೆ ಎರಡು, ಮೂರು. ಕಣದಲ್ಲಿ ಇಷ್ಟು ಜಾಗ್ರತೆಯಾಗಿರುವ ಬಾಯಿ ಸಾಲದ ಮಾತಿಗೆ ಬಂದರೆ ಮೈಮರೆಯುತ್ತದೆ.

ಕೆ.ಆರ್. ಪುರದ ಸಂತೆಗೆ ನಾನು ಸೊಪ್ಪು ಹಾಕುತ್ತಾ ಬಂದು ಬಹಳ ವರ್ಷವಾಯಿತು. ಕೈಸಾಲದ ಬಡ್ಡಿಯನ್ನು ಅಲ್ಲಿ ಯಾರೂ ವರ್ಷಕ್ಕಿಷ್ಟು ಎಂದು ಹೇಳಿದ್ದು ಕೇಳಿಲ್ಲ. 'ಎರಡು ರೂಪಾಯಿ', 'ಮೂರು ರೂಪಾಯಿ' ಅಷ್ಟೆ. ನೂರಕ್ಕೆ, ಅದೂ ತಿಂಗಳಿಗೆ ಎಂಬುದನ್ನು ಮಾತು ನುಂಗಿಬಿಡುತ್ತದೆ. ಹಲಸೂರಿನ ತಮಿಳರು ವಟ್ಟಿ ಅನ್ನಲಿ, ತೆಲುಗರು ವಡ್ಡಿ ಅನ್ನಲಿ, ಶಿವಾಜಿನಗರದಲ್ಲಿ ಸೂದ್ ಅನ್ನಲಿ, ಲೆಕ್ಕ ಇದೇ. ಬ್ಯಾಂಕಿನವರು ಮಾತ್ರ ವರ್ಷದ ಲೆಕ್ಕ ಹೇಳುತ್ತಾರೆ. ತೊಡಕು ಇರುವುದೇ ಇಲ್ಲಿ.

ಪಕ್ಕದ ತೋಟದ ಅಣ್ಣ ಟೊಮೆಟೊ ಹಾಕಲು 50,000 ರೂಪಾಯಿಗೆ ಓಡಾಡುತ್ತಿದ್ದರು. "ಬ್ಯಾಂಕಲ್ಲಿ ಏಳು ಅಂತಾರೆ ಕಣಪ್ಪಾ, ಇವ್ರು ಮೂರಕ್ಕೇ ಕೊಡ್ತಾರೆ" ಅಂದರು. ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 1,500, ವರ್ಷಕ್ಕೆ 18,000. ಅವರು ಹೇಳಿದ ಮೂರು ಅಂದರೆ ಬ್ಯಾಂಕಿನ ಭಾಷೆಯಲ್ಲಿ ಮೂವತ್ತಾರು! 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ, 3 ಲಕ್ಷದವರೆಗೆ, ಶೇಕಡ 7. ಅಂದರೆ 3,500. ವಾಯಿದೆಯೊಳಗೆ ಕಟ್ಟಿದರೆ ಶೇಕಡ 4, ಬರೀ 2,000.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸಾಲ, ಇದು ಕೈಗಡ ಅಲ್ವಾ" ಅಂದರು. ಕೈಗಡ ಅಂದಾಗ ಯಾರೋ ನೆಂಟರು ಕೈಹಿಡಿದ ಹಾಗೆ. ಸಾಲ ಅಂದಾಗ ಮರ್ಯಾದೆ ಹೋದ ಹಾಗೆ. ಅವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಪಹಣಿ ಹಿಡಿದು ನಾಲ್ಕು ಸಲ ಅಲೆಯುವಷ್ಟರಲ್ಲಿ ಸಸಿ ಬಲಿತುಹೋಗುತ್ತದೆ. ರಾತ್ರಿ ಹೊತ್ತು ಆಸ್ಪತ್ರೆಗೆ ಅಂದರೆ ಬ್ಯಾಂಕು ಬಾಗಿಲು ತೆಗೆಯುವುದಿಲ್ಲ.

ನಮ್ಮ ಸೊಪ್ಪು ಕೊಳ್ಳುವ ತಳ್ಳುಗಾಡಿಯವರ ಪಾಡು ಇನ್ನೂ ಕಷ್ಟ. ಬೆಳಿಗ್ಗೆ ಕೈಗೆ 900 ಬರುತ್ತದೆ, ಸಂಜೆಗೆ 1,000 ಕೊಡಬೇಕು. ಬಡ್ಡಿ ಎಂಬ ಮಾತೇ ಅಲ್ಲಿ ಏಳುವುದಿಲ್ಲ. ಆದರೆ ಅದು ನೂರಕ್ಕೆ ಹನ್ನೊಂದು, ಒಂದೇ ದಿನಕ್ಕೆ! ಅದನ್ನು ತಪ್ಪಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಎಂದು ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡಲು ಹೊರಟಿತ್ತು. ಆ ನೂರು ರೂಪಾಯಿಯನ್ನು ಅವರು ಎಲ್ಲಿಂದ ತರಬೇಕು? ನಮ್ಮ ಕಟ್ಟಿನ ಬೆಲೆಯಲ್ಲೇ ಚೌಕಾಸಿ ಮಾಡುತ್ತಾರೆ.

ಸಾಲ ಕೇಳುವಾಗ ಈಗ ನಾವು ಕೆಲವರು "ವರ್ಷಕ್ಕೆ ಒಟ್ಟು ಎಷ್ಟು ರೂಪಾಯಿ?" ಅಂತಲೇ ಕೇಳುತ್ತೇವೆ. ಕೊಡುವವರಿಗೆ ಈ ಪ್ರಶ್ನೆ ಅಷ್ಟಾಗಿ ಹಿಡಿಸುವುದಿಲ್ಲ.

ಅಣ್ಣ ಮೂರು ವಾರ ಅಲೆದು ಬ್ಯಾಂಕಿನಲ್ಲೇ ತೆಗೆದರು. ಆದರೂ ಸಸಿಗೆ ತಡವಾಗುತ್ತದೆಂದು 5,000 ಕೈಗಡ ತಂದಿದ್ದರು. ಪಂಪ್‌ಹೌಸಿನ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿದ್ದಾರೆ: ತಿಂಗಳಿಗೆ 150, ವರ್ಷಕ್ಕೆ 1,800.