ಅಳಿವೆಬಾಗಿಲಿನ ಆಳ, ಸರಕಿನ ಭಾರ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ಹೇರಿಕೊಂಡು ಹೊರಡುವ ಮಂಜಿಗಳಿಗೆ ಕಠಿಣವಾದ ಘಟ್ಟವು ನಡುಗಡಲಿನಲ್ಲಿಲ್ಲ; ಬೆಂಗ್ರೆ ಹಾಗೂ ಉಳ್ಳಾಲದ ಕೋಟೆಪುರಗಳ ನಡುವಣ ಅಳಿವೆಬಾಗಿಲಿನಲ್ಲಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ತರುವ ಮರಳು ಇಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಮಳೆಗಾಲ ಕಳೆದಾಗ ಅದರ ಜಾಗವೇ ಬದಲಾಗಿರುತ್ತದೆ. ಕಳೆದ ವರ್ಷದ ದಾರಿಯನ್ನು ನಂಬುವಂತಿಲ್ಲ.

ನುರಿತ ತಂಡೇಲರು ಉಬ್ಬರ ಏರುತ್ತಿರುವಾಗಲೇ ದಾಟಬಯಸುತ್ತಾರೆ. ತಳ ತಾಗಿದರೂ ಏರುವ ನೀರು ದೋಣಿಯನ್ನು ಎತ್ತೀತು. ಇಳಿತದಲ್ಲಾದರೋ ಹೊರಹರಿಯುವ ನೀರು ಒಳಬರುವ ಅಲೆಗಳಿಗೆ ಎದುರಾಗಿ, ಅವು ಕಡಿದಾಗಿ ಎದ್ದು ದಿಬ್ಬದ ಮೇಲೆ ಒಡೆಯುತ್ತವೆ. ಒಳಬರುವ ದೋಣಿಯ ಹಿಂಬದಿಯನ್ನು ಅಂಥ ಅಲೆ ಎತ್ತಿದರೆ ಚುಕ್ಕಾಣಿ ಹಿಡಿತ ತಪ್ಪಿ, ದೋಣಿ ಅಡ್ಡತಿರುಗಿ ಮಗುಚುವ ಅಪಾಯವುಂಟು.

ಇಲ್ಲಿ ವರ್ತಕರ ಪಾಲೂ ಇದೆ. ಭಾರ ಹೆಚ್ಚಿದಷ್ಟೂ ದೋಣಿ ಆಳಕ್ಕೆ ಕೂರುತ್ತದೆ. ಅಲೆಯ ತಗ್ಗಿನಲ್ಲಿ ತಳದಡಿಯ ನೀರು ಇನ್ನಷ್ಟು ಕಡಿಮೆಯಾಗುತ್ತದೆ. ಬಾಡಿಗೆ ಉಳಿಸಲೆಂದು ಕೊನೆಗಳಿಗೆಯಲ್ಲಿ ಮೂಟೆ ಸೇರಿಸಿ, ಈಗಲೇ ಹೊರಡಿರೆಂದು ತಂಡೇಲನನ್ನು ಅವಸರಿಸುವುದು ಎಂಥ ಲೆಕ್ಕ? ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ ಕಾಯಬೇಕು; ದಿನದ ಎರಡು ಉಬ್ಬರಗಳೂ ಸಮವಲ್ಲವಾದ್ದರಿಂದ ತುಂಬಿದ ದೋಣಿಗೆ ಒಂದೇ ಒದಗಬಹುದು. ಅಷ್ಟರಲ್ಲಿ ಬಾಡುವ ತರಕಾರಿಯ ನಷ್ಟವನ್ನು ಬೆಲೆ ಕಟ್ಟುವಾಗಲೇ ಸೇರಿಸಿಕೊಳ್ಳುವುದು ಲೇಸು.